ಆತುರದ ಕಿವಿಗೊಂದು ಮಾತು

ಮಗೂ, ‘ಪ್ರಾಮಿಸಸ್’ ಆಲ್ಬಮ್ ಬಗ್ಗೆ ನೀನು ಬರೆದದ್ದನ್ನು ಓದಿದೆ. ಬರವಣಿಗೆ ಚುರುಕಾಗಿದೆ, ಅದರಲ್ಲಿ ಎರಡು ಮಾತಿಲ್ಲ. “ಏಳು ಸ್ವರ ಹಿಡಿದುಕೊಂಡು ಮುಕ್ಕಾಲು ಗಂಟೆ ಜಗ್ಗಿದ್ದಾರೆ, ನಿದ್ದೆ ಬಾರದವರಿಗೆ ಒಳ್ಳೆಯ ಮದ್ದು” ಅಂದಿದ್ದೀಯ. ಓದಿ ನಕ್ಕುಬಿಟ್ಟೆ. ಐದಕ್ಕೆ ಎರಡು ನಕ್ಷತ್ರ ಕೊಟ್ಟು ಕೈ ತೊಳೆದುಕೊಂಡಿದ್ದೀಯ. ಎಲ್ಲಿಯವರೆಗೆ ಕೇಳಿದೆ ಅಂತ ವಿಚಾರಿಸಿದರೆ, “ಮೂರನೇ ಭಾಗದವರೆಗೆ, ಆಮೇಲೆ ಹಾರಿಸಿ ಹಾರಿಸಿ ನೋಡಿದೆ” ಅನ್ನುತ್ತೀಯ. ಒಂಬತ್ತು ಭಾಗದ ಆಲ್ಬಮ್ ಅದು ಮಾರಾಯ! ಆತುರಗಾರನಿಗೆ ಬುದ್ಧಿ ಮಟ್ಟ ಅಂತ ಗಾದೆ ಇದೆ. ನಿನ್ನ ವಿಷಯದಲ್ಲಿ ಅದನ್ನು ಅರ್ಧ ಮಾತ್ರ ಒಪ್ಪುತ್ತೇನೆ. ಬುದ್ಧಿ ಸಾಕಷ್ಟಿದೆ, ಆತುರ ಅದಕ್ಕಿಂತ ಒಂದು ಹೆಜ್ಜೆ ಮುಂದಿದೆ.

ಈ ವಯಸ್ಸಿನಲ್ಲಿ ಎಲೆಕ್ಟ್ರಾನಿಕ್ ಸಂಗೀತ ಕೇಳುತ್ತೀರಾ ಅಂತ ಹುಬ್ಬೇರಿಸಬೇಡ. ವಯಸ್ಸಾದಂತೆ ಕಿವಿ ಮಂದವಾಗುತ್ತದೆ ನಿಜ, ಆದರೆ ಪುರುಸೊತ್ತು ಸಿಗುತ್ತದೆ. ಈ ಬಗೆಯ ಸಂಗೀತ ಮುಖ್ಯವಾಗಿ ಕೇಳುವುದು ಅದನ್ನೇ.

ಮೊದಲು ಇದನ್ನು ಮಾಡಿದವರು ಯಾರು ಅಂತ ನೋಡು. ನಿನ್ನ ಬರಹದಲ್ಲಿ ಅವರ ಹೆಸರುಗಳಿವೆ, ಅವರಿಲ್ಲ. ಫ್ಲೋಟಿಂಗ್ ಪಾಯಿಂಟ್ಸ್ ಅನ್ನುವುದು ಸ್ಯಾಮ್ ಶೆಫರ್ಡ್ ಎಂಬ ಇಂಗ್ಲೆಂಡಿನ ಹುಡುಗ ಇಟ್ಟುಕೊಂಡ ಹೆಸರು. ಹುಡುಗ ಅಂದೆ, ಹುಟ್ಟಿದ್ದು 1986ರಲ್ಲಿ, ನನಗೆ ಹುಡುಗನೇ. ನರವಿಜ್ಞಾನದಲ್ಲಿ ಡಾಕ್ಟರೇಟ್ ಮಾಡಿದವನು, ರಾತ್ರಿ ಕ್ಲಬ್ಬುಗಳಲ್ಲಿ ಜನರನ್ನು ಕುಣಿಸಿದವನು, ಸಿಂಥಸೈಸರ್‌ಗಳನ್ನು ಮನೆಮಕ್ಕಳಂತೆ ಸಾಕಿದವನು. ಎರಡನೆಯವರು ಫರೋ ಸ್ಯಾಂಡರ್ಸ್. 1940ರಲ್ಲಿ ಅಮೆರಿಕದ ಅರ್ಕನ್ಸಾದ ಲಿಟಲ್ ರಾಕ್‌ನಲ್ಲಿ ಹುಟ್ಟಿದ ಸ್ಯಾಕ್ಸೊಫೋನ್ ವಾದಕ. ಜಾಝ್ ದಿಗ್ಗಜ ಜಾನ್ ಕೋಲ್ಟ್ರೇನ್ ಅವರ ಕೊನೆಯ ವರ್ಷಗಳಲ್ಲಿ ಪಕ್ಕದಲ್ಲಿ ನಿಂತು ನುಡಿಸಿದವರು. ಆಗ ಅವರ ಸ್ಯಾಕ್ಸೊಫೋನ್ ಚೀರುತ್ತಿತ್ತು, ಸೀಳುತ್ತಿತ್ತು. 1969ರ ‘ಕರ್ಮ’ ಆಲ್ಬಮ್‌ನಲ್ಲಿ ಅರ್ಧ ಗಂಟೆ ದಾಟಿದ ಒಂದೇ ರಚನೆಯನ್ನು ಎತ್ತಿ ನಿಲ್ಲಿಸಿದ ಗಟ್ಟಿಗರು. ಮೂರನೆಯದು ಲಂಡನ್ ಸಿಂಫನಿ ಆರ್ಕೆಸ್ಟ್ರಾ, 1904ರಿಂದ ನಡೆದುಬಂದ ವಾದ್ಯವೃಂದ. ಮೂವರೂ ಸೇರಿ ಮಾಡಿದ ಸುಮಾರು 46 ನಿಮಿಷದ ಸಂಗೀತವನ್ನು 2021ರ ಮಾರ್ಚ್ 26ರಂದು ಲುವಾಕಾ ಬಾಪ್ ಕಂಪನಿ ಹೊರತಂದಿತು.

ಈಗ ಯೋಚಿಸು. ಈ ಮೂವರಲ್ಲಿ ಗದ್ದಲ ಮಾಡುವ ಶಕ್ತಿ ಯಾರಿಗಿರಲಿಲ್ಲ? ಶೆಫರ್ಡ್ ಒಂದು ಗುಂಡಿ ಒತ್ತಿದರೆ ನಿನ್ನ ಕೋಣೆಯ ಕಿಟಕಿ ನಡುಗುತ್ತದೆ. ಸ್ಯಾಂಡರ್ಸ್ ಮನಸ್ಸು ಮಾಡಿದರೆ ಎದುರಿಗಿದ್ದವರು ಎದ್ದು ನಿಲ್ಲಬೇಕಾಗಿತ್ತು. ವಾದ್ಯವೃಂದದ ಮಾತಂತೂ ಬೇಡ. ಆದರೂ ಮೂವರೂ ಕೈ ತಡೆದಿದ್ದಾರೆ. ಸ್ಯಾಂಡರ್ಸ್ ಎರಡು ಮಾತು ನುಡಿಸುತ್ತಾರೆ, ಸುಮ್ಮನಾಗುತ್ತಾರೆ, ಹುಡುಗ ಏನು ಮಾಡುತ್ತಾನೆ ಅಂತ ಕೇಳಿಸಿಕೊಳ್ಳುತ್ತಾರೆ. ನಾಲ್ಕನೇ ಭಾಗದಲ್ಲಿ ವಾದ್ಯ ಕೆಳಗಿಟ್ಟು, ಪದವಿಲ್ಲದೆ ಬರೀ ಗಂಟಲಲ್ಲಿ ಗುನುಗುತ್ತಾರೆ. ತಂತಿವಾದ್ಯದವರು ಆರನೇ ಭಾಗದವರೆಗೆ ಬಹುಮಟ್ಟಿಗೆ ಹಿಂದೆಯೇ ಇದ್ದು, ಅಲ್ಲಿ ಮಾತ್ರ ಒಮ್ಮೆ ತುಂಬಿ ಹರಿಯುತ್ತಾರೆ. ಆ ಹುಡುಗನಂತೂ ತನಗಿಂತ 46 ವರ್ಷ ದೊಡ್ಡವರಿಗೆ ಜಾಗ ಬಿಟ್ಟು, ಅವರು ಉಸಿರು ಎಳೆದುಕೊಳ್ಳುವ ಸದ್ದನ್ನೂ ಅಳಿಸದೆ ಇಟ್ಟಿದ್ದಾನೆ. ಇಷ್ಟೊಂದು ಜನ ತಡೆದು ತಡೆದು ಮಾಡಿದ ಕೆಲಸದ ಬಗ್ಗೆ ತಡೆಯದೆ ಬರೆದವರು ನೀವೊಬ್ಬರೇ, ಸ್ವಾಮಿ!

ಏಳು ಸ್ವರದ ಮಾತಿಗೆ ಬರೋಣ. ಅದನ್ನು ನೀನು ಸರಿಯಾಗಿ ಗುರುತಿಸಿದ್ದೀಯ, ಶಭಾಷ್. ಆದರೆ ಗುರುತಿಸಿ ಅಲ್ಲೇ ನಿಂತುಬಿಟ್ಟೆ. ಆ ಪುಟ್ಟ ತುಣುಕು ಬರುತ್ತದೆ, ಒಂದು ಬಿಡುವು ಕೊಡುತ್ತದೆ, ಮತ್ತೆ ಬರುತ್ತದೆ. ಪಿಯಾನೊ, ಹಾರ್ಪ್ಸಿಕಾರ್ಡ್, ಚೆಲೆಸ್ಟಾ, ಸಿಂಥಸೈಸರ್ ಇವೆಲ್ಲ ಅದಕ್ಕೆ ಬಣ್ಣ ಹಚ್ಚುತ್ತವೆ. ಸ್ವರ ಅದೇ, ಸುತ್ತಲಿನ ಬೆಳಕು ಬೇರೆ. ಸ್ಯಾಂಡರ್ಸ್ ಮೇಲಿದ್ದಾಗ ಅದು ಅವರ ಕಾಲ ಕೆಳಗಿನ ನೆಲ. ಅವರು ಸುಮ್ಮನಾದಾಗ ಅದೇ ತುಣುಕು ಪ್ರಶ್ನೆಯ ಹಾಗೆ ಕೇಳಿಸುತ್ತದೆ. ಎಷ್ಟೋ ಹೊತ್ತು ಬಂದು ಬಂದು, ಕೊನೆಯಲ್ಲಿ ಅದು ಬರುವುದು ನಿಂತಾಗ ಎದೆ ಸಣ್ಣಗೆ ಝಲ್ ಅನ್ನುತ್ತದೆ. ಆ ನಿಲ್ಲುವಿಕೆಗಾಗಿಯೇ ಅಷ್ಟು ಹೊತ್ತಿನ ಮರುಕಳಿಕೆ. ಹಾರಿಸಿ ಹಾರಿಸಿ ಕೇಳಿದವರಿಗೆ ನಿಂತದ್ದು ಗೊತ್ತಾಗುವುದು ಹೇಗೆ?

ನಮ್ಮ ಕಡೆಯ ಕಿವಿಗಂತೂ ಇದು ಅಪರಿಚಿತವಾಗಬಾರದು. ಕಛೇರಿಯಲ್ಲಿ ತಂಬೂರಿ ಒಂದೇ ಶ್ರುತಿ ಮೀಟುತ್ತಿದೆ ಅಂತ ಯಾರಾದರೂ ಎದ್ದು ಹೋಗುತ್ತಾರಾ? ಸ್ಯಾಂಡರ್ಸ್ ಅವರಿಗೂ ಆ ನಾದ ಹೊಸದಲ್ಲ. 1971ರಲ್ಲಿ ಹೊರಬಂದ, ಜಾನ್ ಅವರ ಪತ್ನಿ ಆಲಿಸ್ ಕೋಲ್ಟ್ರೇನ್ ಅವರ ‘ಜರ್ನಿ ಇನ್ ಸಚ್ಚಿದಾನಂದ’ ಆಲ್ಬಮ್‌ನಲ್ಲಿ ತಂಬೂರಿ ಇದೆ. ಅದರ ಮೇಲೆ ಸ್ಯಾಕ್ಸೊಫೋನ್ ನುಡಿಸಿದವರು ಇದೇ ಸ್ಯಾಂಡರ್ಸ್. ಆಲಿಸ್ ಮುಂದೆ ತುರೀಯಸಂಗೀತಾನಂದ ಎಂಬ ಹೆಸರು ಪಡೆದು ಕ್ಯಾಲಿಫೋರ್ನಿಯಾದಲ್ಲಿ ಆಶ್ರಮ ಕಟ್ಟಿದರು. ಅಲ್ಲಿ ಅವರು ಮಾಡಿದ ಭಜನೆಗಳನ್ನು 2017ರಲ್ಲಿ ಹೊರತಂದದ್ದು ಲುವಾಕಾ ಬಾಪ್. ದಾರ ಎಲ್ಲಿಂದ ಎಲ್ಲಿಗೆ ಹೋಗಿದೆ ನೋಡು. ಒಂದೇ ನಾದದ ಮೇಲೆ ಕೂತು ಕಾಯುವುದು ‘ಪ್ರಾಮಿಸಸ್’ ಹೊತ್ತಿಗೆ ಸ್ಯಾಂಡರ್ಸ್ ಐವತ್ತು ವರ್ಷದಿಂದ ಬಲ್ಲ ವಿದ್ಯೆ.

ಇಷ್ಟು ಹೇಳಿದೆ ಅಂತ, “ಅಯ್ಯೋ, ದೊಡ್ಡವರೆಲ್ಲ ಹೊಗಳಿದ್ದಾರೆ, ನಾನೂ ಐದು ನಕ್ಷತ್ರ ಕೊಟ್ಟುಬಿಡುತ್ತೇನೆ” ಅಂತ ಓಡಬೇಡ. ಅದು ಇನ್ನೊಂದು ಬಗೆಯ ಆತುರ. ಮೊದಲನೆಯದಕ್ಕಿಂತ ಕೆಟ್ಟದ್ದು, ಯಾಕೆಂದರೆ ಅದರಲ್ಲಿ ನಿನ್ನದು ಅಂತ ಏನೂ ಇರುವುದಿಲ್ಲ.

ಹೊಗಳಿಕೆ ಧಾರಾಳವಾಗಿಯೇ ಸಿಕ್ಕಿತು. ಪಿಚ್‌ಫೋರ್ಕ್ ಎಂಬ ಸಂಗೀತ ವಿಮರ್ಶೆಯ ಜಾಲತಾಣ ಹತ್ತಕ್ಕೆ ಒಂಬತ್ತು ಅಂಕ ಕೊಟ್ಟಿತು. ಬ್ರಿಟನ್ನಿನ ಮರ್ಕ್ಯುರಿ ಪ್ರಶಸ್ತಿಯ ಆ ವರ್ಷದ ಅಂತಿಮ ಪಟ್ಟಿಗೆ ಬಂತು. ಪ್ರಶಸ್ತಿ ಹೋದದ್ದು ಆರ್ಲೋ ಪಾರ್ಕ್ಸ್ ಎಂಬ ಹುಡುಗಿಯ ಆಲ್ಬಮ್‌ಗೆ. ವರ್ಷದ ಕೊನೆಯ ಪಟ್ಟಿಗಳಲ್ಲೂ ಮೇಲುಗಡೆಯೇ ಕಾಣಿಸಿತು. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಅಂತಾರಲ್ಲ, ಹೊಗಳಿಕೆಗೂ ಆ ಮಾತು ಸಲ್ಲುತ್ತದೆ. ಅದು ಯಾವ ಕಾಲದಲ್ಲಿ ಬಂತು ಅಂತ ನೋಡು. 2021ರ ಮಾರ್ಚ್ ಅಂದರೆ ಕೊರೋನಾ. ಜನ ಮನೆಯೊಳಗೆ ಕೂತಿದ್ದರು, ಭಯದಲ್ಲಿದ್ದರು, ಸಭಾಂಗಣಗಳು ಬಾಗಿಲು ಹಾಕಿದ್ದವು. ಅಂಥ ಹೊತ್ತಿನಲ್ಲಿ ಒಬ್ಬ ಎಂಬತ್ತರ ಹಿರಿಯ ಕೋಣೆಯೊಳಗೆ ಬಂದು ಮೆಲ್ಲಗೆ ಉಸಿರಾಡಿದರೆ ಯಾರ ಕಣ್ಣು ಒದ್ದೆಯಾಗುವುದಿಲ್ಲ? ಮೇಲಾಗಿ ಅವರ ಹಿಂದಿನ ದೊಡ್ಡ ಆಲ್ಬಮ್ ಬಂದು ಹತ್ತು ವರ್ಷ ಮೀರಿತ್ತು. 2022ರ ಸೆಪ್ಟೆಂಬರ್ 24ರಂದು, 81ನೇ ವಯಸ್ಸಿನಲ್ಲಿ, ಅವರು ತೀರಿಕೊಂಡ ಮೇಲೆ ಇದು ಅವರ ವಿದಾಯದ ಮಾತಿನಂತೆ ಕೇಳಿಸತೊಡಗಿತು. ಈ ಭಾವನೆಗಳೆಲ್ಲ ಸುಳ್ಳು ಅಂತ ನಾನು ಹೇಳುವುದಿಲ್ಲ. ಆದರೆ ಮಮತೆ ಬೇರೆ, ಮೌಲ್ಯ ಬೇರೆ. ತೀರಿಕೊಂಡವರ ಮನೆಯಲ್ಲಿ ಯಾರೂ ಕೊರತೆ ಎತ್ತಿ ಆಡುವುದಿಲ್ಲ. ವಿಮರ್ಶೆ ಬರೆಯುವವನು ಸೂತಕ ಕಳೆದ ಮೇಲೂ ಅದೇ ಮಾತು ನಿಲ್ಲುತ್ತದಾ ಅಂತ ನೋಡಬೇಕು.

ನೋಡುವುದಕ್ಕೆ ಒಂದು ಅವಕಾಶವೂ ಒದಗಿತು. 2023ರ ಸೆಪ್ಟೆಂಬರ್‌ನಲ್ಲಿ ಲಾಸ್ ಏಂಜಲೀಸ್‌ನ ಹಾಲಿವುಡ್ ಬೌಲ್‌ನಲ್ಲಿ ಈ ಸಂಗೀತವನ್ನು ಜನರೆದುರು ನುಡಿಸಿದರು. ಸ್ಯಾಂಡರ್ಸ್ ನಿಲ್ಲಬೇಕಾಗಿದ್ದ ಜಾಗದಲ್ಲಿ ಲಂಡನ್ನಿನ ಸ್ಯಾಕ್ಸೊಫೋನ್ ವಾದಕ ಶಬಾಕಾ ಹಚಿಂಗ್ಸ್ ನಿಂತರು. ಒಬ್ಬರ ಉಸಿರಿಗೆ ಅಳೆದು ಹೊಲಿದ ಅಂಗಿ ಇನ್ನೊಬ್ಬರಿಗೆ ಹಿಡಿಸೀತಾ? ನಿನ್ನಂಥವರು ಕೇಳಬೇಕಾದ ಪ್ರಶ್ನೆ ಅಂದರೆ ಇದು. ‘ಬೋರ್’ ಅಂತ ಬರೆಯುವುದು ಯಾರಿಗೂ ಬರುತ್ತದೆ.

ಇನ್ನು ಬೇಸರಪಟ್ಟವರ ಕಡೆ ನೋಡೋಣ, ನೀನೊಬ್ಬನೇ ಅಲ್ಲ. ಜಾಝ್ ಪ್ರಿಯರಲ್ಲಿ ಕೆಲವರಿಗೆ ಸ್ಯಾಂಡರ್ಸ್ ಸಾಲದಾಯಿತು. ಹಳೆಯ ಹುಲಿಯ ಗರ್ಜನೆ ಎಲ್ಲಿ ಅಂದರು. ಕ್ಲಬ್ ಸಂಗೀತದವರಿಗೆ ತಾಳವೇ ಸಿಗಲಿಲ್ಲ. ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ ಕೇಳಿ ಬೆಳೆದವರಿಗೆ ಅಷ್ಟು ದೊಡ್ಡ ವಾದ್ಯವೃಂದ ಇಷ್ಟೇ ಕೆಲಸಕ್ಕಾ ಅನ್ನಿಸಿತು. ಮೂವರ ದೂರನ್ನೂ ಪಕ್ಕಪಕ್ಕ ಇಟ್ಟು ನೋಡು. ಪ್ರತಿಯೊಬ್ಬರೂ ತಾವು ಮನೆಯಿಂದ ತಂದ ಆಸೆಯನ್ನೇ ಆಲ್ಬಮ್‌ನಲ್ಲಿ ಹುಡುಕಿದ್ದಾರೆ. ಮಸಾಲೆ ದೋಸೆಗೆ ಕಾದು ಕೂತವನ ಮುಂದೆ ಶಾವಿಗೆ ಪಾಯಸ ಇಟ್ಟರೆ “ನಾನು ಕೇಳಿದ್ದು ಇದಲ್ಲ” ಅನ್ನಬಹುದು, ಅದು ನ್ಯಾಯ. “ಪಾಯಸ ಕೆಟ್ಟಿದೆ, ಖಾರವೇ ಇಲ್ಲ” ಅಂದರೆ ನಗೆಪಾಟಲು.

ಇದರ ದೊಡ್ಡ ಉದಾಹರಣೆ ‘ಟ್ರಾನ್: ಲೆಗಸಿ’ ಆಲ್ಬಮ್. ನಿನ್ನ ಅಣ್ಣ ಅದನ್ನು ಹಾಕಿಕೊಂಡು ಓದುತ್ತಿದ್ದದ್ದು ನಿನಗೂ ಗೊತ್ತು. 2010ರ ಡಿಸೆಂಬರ್‌ನಲ್ಲಿ ಡಿಸ್ನಿ ಸಿನಿಮಾದ ಜೊತೆ ಬಂತು. ಮಾಡಿದವರು ಡಾಫ್ಟ್ ಪಂಕ್, ಹೆಲ್ಮೆಟ್ ಹಾಕಿಕೊಂಡು ಪ್ರಪಂಚವನ್ನೆಲ್ಲ ಕುಣಿಸಿದ ಫ್ರಾನ್ಸಿನ ಜೋಡಿ. ಅವರಿಂದ ಜನ ಕಾದದ್ದು ಇನ್ನೊಂದು ಕುಣಿತದ ಆಲ್ಬಮ್‌ಗೆ. ಅವರು ಕೊಟ್ಟದ್ದೇನು? ಜೋಸೆಫ್ ಟ್ರಪನೀಸ್ ಎಂಬ ಸಂಯೋಜಕನ ನೆರವು ಪಡೆದು, ಲಂಡನ್ನಿನಲ್ಲಿ 85 ಮಂದಿಯ ವಾದ್ಯವೃಂದ ಕೂರಿಸಿ, ಸಿಂಥಸೈಸರ್‌ನ ಜೊತೆ ಹೆಣೆದ ಗಂಭೀರವಾದ, ಕತ್ತಲೆ ಕವಿದ ಸಿನಿಮಾ ಸಂಗೀತ. 22 ತುಣುಕುಗಳಲ್ಲಿ ಕುಣಿಯುವಂಥವು ಬೆರಳೆಣಿಕೆಯಷ್ಟು. ಅಭಿಮಾನಿಗಳ ಒಂದು ಪಾಲು ಮುಖ ಸಿಂಡರಿಸಿತು. ವಿಮರ್ಶಕರಲ್ಲಿ ಹಲವರು, ಚೆನ್ನಾಗಿದೆ, ಆದರೆ ಇದರಲ್ಲಿ ಡಾಫ್ಟ್ ಪಂಕ್ ಎಲ್ಲಿ ಅಂತ ಕೇಳಿದರು. ಮುಂದಿನ ವರ್ಷ ಬೇರೆಯವರಿಂದ ರೀಮಿಕ್ಸ್ ಮಾಡಿಸಿದ ಆಲ್ಬಮ್ ಕೂಡ ಬಂತು. ಗ್ರ್ಯಾಮಿಗೆ ಹೆಸರು ಹೋಯಿತು, ಪ್ರಶಸ್ತಿ ಬರಲಿಲ್ಲ. ಆಸ್ಕರ್‌ನವರು ನಾಮನಿರ್ದೇಶನವನ್ನೂ ಮಾಡಲಿಲ್ಲ.

ಸಿನಿಮಾ ನೆನಪಿಲ್ಲದವರೂ ಇವತ್ತು ಆ ಸಂಗೀತ ಕೇಳುತ್ತಾರೆ. ಆಲ್ಬಮ್‌ನಲ್ಲಿ ಒಂದು ಸ್ವರವೂ ಬದಲಾಗಿಲ್ಲ. ಬದಲಾದದ್ದು ಕೇಳುವವರ ನಿರೀಕ್ಷೆ. ಕುಣಿತಕ್ಕೆ ಕಾಯುವುದನ್ನು ಬಿಟ್ಟ ಮೇಲೆ ಅವರಿಗೆ ಅದರೊಳಗಿನ ತಂತಿಗಳು ಕೇಳಿಸಿದವು. ಆ ಜೋಡಿಯಲ್ಲಿ ಒಬ್ಬನಾದ ತೋಮಾ ಬಾಂಗಾಲ್ತೇರ್ 2023ರಲ್ಲಿ ‘ಮಿಥಾಲಜೀಸ್’ ಅಂತ ಒಂದು ಆಲ್ಬಮ್ ತಂದ. ಬ್ಯಾಲೆಗಾಗಿ ಬರೆದದ್ದು, ಪೂರ್ತಿ ವಾದ್ಯವೃಂದ, ಯಂತ್ರದ ಸದ್ದಿಲ್ಲ. ಅಂದರೆ ಟ್ರಾನ್‌ನಲ್ಲಿ ಅವನಿಗೆ ವಾದ್ಯವೃಂದದ ಮೇಲೆ ಹುಟ್ಟಿದ್ದು ಮೂರು ದಿನದ ಮೋಹವಾಗಿರಲಿಲ್ಲ. ಒಬ್ಬ ಕಲಾವಿದ ಯಾವ ದಾರಿ ಹಿಡಿದಿದ್ದಾನೆ ಅನ್ನುವುದು ಕೆಲವೊಮ್ಮೆ ಹತ್ತು ವರ್ಷ ಕಳೆದ ಮೇಲೆ ತಿಳಿಯುತ್ತದೆ. ನೀನು ಹತ್ತು ವರ್ಷ ಕಾಯಬೇಕಾಗಿಲ್ಲ, ಕೊನೆಯ ಭಾಗದವರೆಗೆ ಕಾದರೂ ಸಾಕು.

ಈ ಯಂತ್ರ ಮತ್ತು ವಾದ್ಯವೃಂದದ ಕೂಡಾವಳಿಗೆ ಮೊದಲಿನಿಂದಲೂ ಇದೇ ಗತಿ. ಮೊದಲನೆಯ ‘ಟ್ರಾನ್’ ಸಿನಿಮಾಕ್ಕೆ 1982ರಲ್ಲಿ ಸಿಂಥಸೈಸರ್‌ನ ಜೊತೆ ಲಂಡನ್ ಫಿಲ್ಹಾರ್ಮೊನಿಕ್ ಸೇರಿಸಿ ಸಂಗೀತ ಕೊಟ್ಟವರು ವೆಂಡಿ ಕಾರ್ಲೋಸ್. ಅದಕ್ಕೂ ಮುಂಚೆ, 1968ರಲ್ಲಿ, ಅವರು ಬಾಖ್‌ನ ಸಂಗೀತವನ್ನು ಮೂಗ್ ಸಿಂಥಸೈಸರ್‌ನಲ್ಲಿ ನುಡಿಸಿದಾಗ ಮಡಿವಂತರು ಮೂಗು ಮುರಿದಿದ್ದರು. ಆ ಆಲ್ಬಮ್ ಮೂರು ಗ್ರ್ಯಾಮಿ ಗೆದ್ದಿತು. ಮೊದಲ ‘ಟ್ರಾನ್’ ಬಂದ 1982ರಲ್ಲೇ ‘ಬ್ಲೇಡ್ ರನ್ನರ್’ ಸಿನಿಮಾ ಬಂತು. ಅದಕ್ಕೆ ಸಂಗೀತ ಕೊಟ್ಟ ವಾಂಗೆಲಿಸ್ ಒಬ್ಬರೇ ಕೂತು ಸಿಂಥಸೈಸರ್‌ನಲ್ಲಿ ಒಂದು ವಾದ್ಯವೃಂದದಷ್ಟು ಆಳ ತೋಡಿದರು. ಆದರೆ ಆಗ ಅಂಗಡಿಗೆ ಬಂದದ್ದು ಬೇರೆ ವಾದ್ಯವೃಂದವೊಂದು ನುಡಿಸಿದ ಆವೃತ್ತಿ. ವಾಂಗೆಲಿಸ್ ಅವರ ಸ್ವಂತ ಆಲ್ಬಮ್ ಹೊರಬಂದದ್ದು 1994ರಲ್ಲಿ. ಹನ್ನೆರಡು ವರ್ಷ ಆ ಸಂಗೀತವನ್ನು ಕಳ್ಳಪ್ರತಿ ಮಾಡಿಕೊಂಡು, ಕೈಯಿಂದ ಕೈಗೆ ದಾಟಿಸಿ ಬದುಕಿಸಿದವರು ಕೇಳುಗರು. ಆಲ್ಬಮ್ ಬಂದಾಗ, ಹಾಡಿನ ನಡುವೆ ಸಿನಿಮಾದ ಮಾತುಗಳನ್ನು ಯಾಕೆ ತುರುಕಿದಿರಿ ಅಂತ ಮೊದಲು ಗೊಣಗಿದವರೂ ಅವರೇ. ಪ್ರೀತಿಸುವವರು ಗೊಣಗುವುದು ಹೀಗೆ, ಎಲ್ಲಿ ಚುಚ್ಚಿತು ಅಂತ ಬೆರಳಿಟ್ಟು ತೋರಿಸಿ. ಆ ಗೊಣಗಾಟವನ್ನು ನಾನು ಹತ್ತು ಹೊಗಳಿಕೆಗಿಂತ ಮೇಲೆ ಇಡುತ್ತೇನೆ.

ಬೆರಳಿಟ್ಟು ತೋರಿಸುವುದನ್ನೇ ನೀನು ಕಲಿಯಬೇಕು. ‘ನನಗೆ ಹಿಡಿಸಲಿಲ್ಲ’ ಅನ್ನುವುದು ನಿನ್ನ ಹಕ್ಕು, ಅದಕ್ಕೆ ಯಾರ ಅಪ್ಪಣೆಯೂ ಬೇಡ. ‘ಚೆನ್ನಾಗಿಲ್ಲ’ ಅಂದರೆ ಮಾತ್ರ ಸಾಲ ಹೊತ್ತುಕೊಂಡೆ ಅಂತ ತಿಳಿ. ಕಾರಣ ಕೊಟ್ಟು ತೀರಿಸಬೇಕು. ಎಷ್ಟನೇ ನಿಮಿಷದಲ್ಲಿ ಮನಸ್ಸು ಹೊರಗೆ ಹೋಯಿತು? ಆಗ ಏನು ನುಡಿಯುತ್ತಿತ್ತು? ಅಥವಾ ಫೋನು ಗುಯ್‌ಗುಟ್ಟಿತಾ? ಕೊನೆಯದಾಗಿದ್ದರೆ ತಪ್ಪು ಆಲ್ಬಮ್‌ನದಲ್ಲ ಮರಿ.

ಕೇಳಿದ್ದು ಎಲ್ಲಿ, ಹೇಗೆ ಅನ್ನುವುದೂ ಲೆಕ್ಕಕ್ಕೆ ಬರುತ್ತದೆ. ನೀನು ಮೆಟ್ರೋದಲ್ಲಿ ನಿಂತುಕೊಂಡು, ಒಂದು ಕಿವಿಗೆ ಮಾತ್ರ ಇಯರ್‌ಫೋನ್ ಸಿಕ್ಕಿಸಿ ಕೇಳಿರುತ್ತೀಯ. ಈ ಆಲ್ಬಮ್‌ನಲ್ಲಿ ಅರ್ಧ ವಿಷಯ ಇರುವುದೇ ಸಣ್ಣ ದನಿಯಲ್ಲಿ. ಸ್ಯಾಕ್ಸೊಫೋನ್‌ನ ಬಾಯಿಗೆ ಉಸಿರು ತಾಗುವ ಸದ್ದು, ಗುಂಡಿಗಳ ಟಿಕ್‌ಟಿಕ್, ಕೆಳಗೆಲ್ಲೋ ಹರಿಯುವ ಸಿಂಥಸೈಸರ್. “ಮುಂದಿನ ನಿಲ್ದಾಣ ಮೆಜೆಸ್ಟಿಕ್” ಅನ್ನುವ ಘೋಷಣೆಯ ಅಡಿಯಲ್ಲಿ ಅದು ಕೇಳಿಸೀತಾ? ಫೋನಿನ ಸಣ್ಣ ಸ್ಪೀಕರ್‌ಗೆ ಮಂದ್ರದ ಸ್ವರಗಳು ದಕ್ಕುವುದೂ ಇಲ್ಲ. ಮೇಲಾಗಿ ಒಂಬತ್ತು ಭಾಗಗಳನ್ನು ಕಲಸಿ, ಮೇಲೆಕೆಳಗೆ ಮಾಡಿ ಹಾಕಿಕೊಂಡರೆ ಮುಗಿಯಿತು ಕಥೆ. ಅದು ಒಂದೇ ರಚನೆ. ಅಂಕೆ ಹಾಕಿರುವುದು ದಾರಿ ತಪ್ಪದಿರಲಿ ಅಂತ. ರಾತ್ರಿ ಊಟ ಆದ ಮೇಲೆ ಕೋಣೆಯ ಬಾಗಿಲು ಹಾಕಿಕೋ. ಫೋನನ್ನು ಅಡುಗೆಮನೆಯಲ್ಲಿ ಇಡು. ಅದನ್ನು ಯಾರೂ ಹುರಿದು ತಿನ್ನುವುದಿಲ್ಲ. ಒಳ್ಳೆಯ ಹೆಡ್‌ಫೋನ್ ಹಾಕಿಕೊಂಡು ಮೊದಲಿನಿಂದ ಕೊನೆಯವರೆಗೆ ಕೇಳು. ನಿದ್ದೆ ಬಂದರೆ ಮಲಗು. ಮಾರನೇ ದಿನ, ನಿದ್ದೆ ಬಂತು ಅಂತ ಬರಿ. ಅದೂ ಒಂದು ಪ್ರಾಮಾಣಿಕ ವರದಿ.

ಬೇರೆಯವರು ಬರೆದದ್ದನ್ನು ಆಮೇಲೆ ಓದು, ಮುಂಚೆ ಬೇಡ. ಮುಂಚೆ ಓದಿದರೆ ಅವರ ಕಿವಿ ನಿನ್ನ ಕಿವಿಯ ಮೇಲೆ ಕೂರುತ್ತದೆ. ಒಂಬತ್ತು ಅಂಕ ಅಂತ ತಿಳಿದು ಕೇಳಿದವನು ಒಂಬತ್ತು ಅಂಕಕ್ಕೆ ಕಾರಣ ಹುಡುಕುತ್ತಾನೆ, ಇಲ್ಲವೇ ಜಿದ್ದಿಗೆ ಬಿದ್ದು ನಾಲ್ಕು ಕೊಡುತ್ತಾನೆ. ನಿನ್ನ ಎರಡು ನಕ್ಷತ್ರದಲ್ಲಿ ಆ ಜಿದ್ದಿನ ವಾಸನೆ ಇದೆ ಅಂತ ನನಗೆ ಅನುಮಾನ. ಗೆಳೆಯರೆಲ್ಲ ‘ಮಾಸ್ಟರ್‌ಪೀಸ್’ ಅಂತ ಕುಣಿದಾಡುವಾಗ ಒಬ್ಬನೇ ‘ಬೋರ್’ ಅನ್ನುವುದರಲ್ಲಿ ಒಂದು ಖುಷಿ ಇರುತ್ತದೆ. ಎಲ್ಲರೂ ಹೋದ ಕಡೆ ಹೋಗುವವನೂ, ಎಲ್ಲರೂ ಹೋದರು ಅಂತಲೇ ಎದುರು ದಿಕ್ಕಿಗೆ ಹೋಗುವವನೂ ಗುಂಪನ್ನು ನೋಡಿಕೊಂಡೇ ನಡೆಯುತ್ತಾರೆ. ನೀನು ಸಂಗೀತವನ್ನು ನೋಡಿಕೊಂಡು ನಡೆ. ಆಗ ಒಮ್ಮೆ ಗುಂಪಿನ ಜೊತೆ ಇರುತ್ತೀಯ, ಒಮ್ಮೆ ಒಂಟಿಯಾಗಿರುತ್ತೀಯ, ಎರಡಕ್ಕೂ ನಾಚಿಕೆಪಡಬೇಕಾಗಿಲ್ಲ.

ನಿಮ್ಮ ತೀರ್ಪೇನು ಅಂತ ಕೇಳುತ್ತೀಯ, ಗೊತ್ತು. ಹೇಳುತ್ತೇನೆ. ‘ಪ್ರಾಮಿಸಸ್’ ದೊಡ್ಡ ಕೆಲಸ. ಸ್ಯಾಂಡರ್ಸ್ ಗುನುಗುವ ನಾಲ್ಕನೇ ಭಾಗಕ್ಕೆ ಸಾಟಿಯಾದದ್ದು ಇತ್ತೀಚಿನ ವರ್ಷಗಳ ಸಂಗೀತದಲ್ಲಿ ನನಗೆ ಹೆಚ್ಚು ಸಿಕ್ಕಿಲ್ಲ. ಆದರೆ ಆರನೇ ಭಾಗದಲ್ಲಿ ತಂತಿಗಳು ಉಕ್ಕಿ ಬರುವಾಗ ಸಿಹಿ ಒಂದು ಹಿಡಿ ಹೆಚ್ಚಾಯಿತು. ಅಲ್ಲಿ ಸಿನಿಮಾದ ವಾಸನೆ ಬರುತ್ತದೆ, ಕೇಳುವವನಿಗೆ ಏನನ್ನಿಸಬೇಕು ಅಂತ ಸಂಗೀತವೇ ಮುಂದಾಗಿ ಹೇಳಿಕೊಟ್ಟಂತಾಗುತ್ತದೆ. ಅಷ್ಟು ಹೊತ್ತು ತಡೆದವರು ಇನ್ನೊಂದು ಚೂರು ತಡೆದಿದ್ದರೆ ನನಗೆ ಇನ್ನೂ ಹಿಡಿಸುತ್ತಿತ್ತು. ಇದನ್ನು ಒಪ್ಪಬೇಕಾಗಿಲ್ಲ. ಆರನೇ ಭಾಗವೇ ಇಡೀ ಆಲ್ಬಮ್‌ನ ಜೀವ ಅಂತ ನೀನು ಕಾರಣ ಕೊಟ್ಟು ವಾದಿಸಿದರೆ ನನಗೆ ಖುಷಿಯೇ. ವಾದಿಸಬೇಕಾದರೆ ಮೊದಲು ಅಲ್ಲಿಯವರೆಗೆ ಕೇಳಿರಬೇಕಲ್ಲ!

ನಿನಗೆ ಭಾಷೆ ಇದೆ, ಹಾಸ್ಯ ಇದೆ, ಕಿವಿಯೂ ಇದೆ. ಏಳು ಸ್ವರವನ್ನು ಒಂದೇ ಸಲಕ್ಕೆ ಎಣಿಸಿದವನಿಗೆ ಕಿವಿ ಇಲ್ಲ ಅನ್ನಲಾದೀತೇ? ಕೊರತೆ ಇರುವುದು 46 ನಿಮಿಷದ್ದು ಮಾತ್ರ. ಅದನ್ನು ಈ ಭಾನುವಾರದೊಳಗೆ ತುಂಬಿಸು. ಮೆಚ್ಚಿಕೊಂಡರೂ ಬರಿ, ಬೈದರೂ ಬರಿ. ಅಂಕ ಹಾಕುವುದು ಬಿಟ್ಟು ಕಾರಣ ಬರೆದು ಕಳಿಸು. ಓದಿ ಜಗಳವಾಡುತ್ತೇನೆ.